ಗಾಳಿಗೆ ಕೊಸರು

ಯಡಿಯೂರಿನ ಚಿಕ್ಕಬೈರಪ್ಪನ ಕೊಟ್ಟಿಗೆಯಲ್ಲಿ ಎರಡು ಜೊತೆ ಎತ್ತು ನಿಲ್ಲುತ್ತಿದ್ದ ಕಾಲವೊಂದಿತ್ತು. ಈಗ ಅಲ್ಲಿ ಇದ್ದದ್ದು ಒಂದು ಜೊತೆ ಎತ್ತು, ಕರೆಯುವ ಹಸು ಎರಡು, ಮತ್ತು ಒಂದು ಗಾಳಿ ಮಿಷನ್ನು.

ಹೊಲಗಳೆಲ್ಲ ಜಯನಗರದ ಬಡಾವಣೆಗೆ ಸೇರಿಹೋದಾಗ ಕೈಗೆ ಬಂದ ಪರಿಹಾರದಲ್ಲಿ ಊರವರು ಅವರವರ ಬುದ್ಧಿಗೆ ತೋಚಿದ್ದನ್ನು ಮಾಡಿದ್ದರು. ಒಬ್ಬ ಮಗಳ ಮದುವೆ ಮಾಡಿದ. ಒಬ್ಬ ಕನಕಪುರದ ಕಡೆ ಬೇರೆ ಹೊಲ ಹಿಡಿದ. ಇನ್ನೊಬ್ಬ ಬೇಗ ಬೇಗ ಎಲ್ಲವನ್ನೂ ಕುಡಿದು ಮುಗಿಸಿ ನಿಶ್ಚಿಂತನಾದ. ಚಿಕ್ಕಬೈರಪ್ಪ ಮಾತ್ರ, ದಂಡಿನ ಕಡೆ ಮಿಲಿಟರಿಯ ಹಳೇ ಸಾಮಾನು ಹರಾಜಾಗುತ್ತದೆಂದು ಕೇಳಿ, ಒಂದು ಒಳ್ಳೆಯ ಹಗ್ಗ ಸಿಕ್ಕಿದರೆ ತರೋಣವೆಂದು ಹೋದವನು ಈ ಮಿಷನ್ನನ್ನು ಗಾಡಿಯ ಮೇಲೆ ಹೇರಿಕೊಂಡು ಬಂದ. ಹೊಟ್ಟೆ ಉಬ್ಬಿದ ಕಬ್ಬಿಣದ ಪೀಪಾಯಿ, ಅದರ ಬೆನ್ನ ಮೇಲೆ ಪೆಟ್ರೋಲು ಕುಡಿಯುವ ಪುಟ್ಟ ಎಂಜಿನ್ನು, ಉದ್ದನೆಯ ರಬ್ಬರ್ ಪೈಪು, ಪೈಪಿನ ತುದಿಯಲ್ಲಿ ಗಾಜಿನ ಮುಖದ ಮೀಟರು. ಹಗ್ಗವನ್ನು ಮರೆತೇ ಬಂದಿದ್ದ.

"ಎತ್ತು ಮೇವು ಕೇಳ್ತದೆ, ಭೂಮಿ ಮಳೆ ಕೇಳ್ತದೆ. ಇದಕ್ಕೆ ಬೇಕಾದ್ದು ಗಾಳಿ" ಎಂದು ಅವನು ಹೆಂಡತಿ ಮುನಿವೆಂಕಟಮ್ಮನಿಗೆ ತಿಳಿಯಹೇಳಿದ್ದ. "ನಾಳೆ ಜಯನಗರದ ತುಂಬ ಮೋಟಾರು ಬತ್ತವೆ. ಮೋಟಾರಿಗೆಲ್ಲ ಗಾಳಿ ಬೇಕು. ಗಾಳೀನ ಯಾವ ಸರ್ಕಾರ ನೋಟೀಸ್ ಕೊಟ್ಟು ಕಿತ್ಕೊಂಡಾತು?"

ಮೋಟಾರುಗಳು ಬಂದದ್ದೇನೋ ನಿಜ. ಆದರೆ ಅವು ಪೆಟ್ರೋಲು ಬಂಕಿಗೆ ಹೋಗಿ ಪೆಟ್ರೋಲಿನ ಜೊತೆ ಗಾಳಿಯನ್ನೂ ತುಂಬಿಸಿಕೊಂಡು ಬರುತ್ತಿದ್ದವು. ಯಡಿಯೂರಿನ ಕೊಟ್ಟಿಗೆಯಲ್ಲಿ ಗಾಳಿ ಸಿಗುತ್ತದೆಂದು ಯಾರಿಗೆ ಗೊತ್ತು? ಮುನಿವೆಂಕಟಮ್ಮ ಮಿಷನ್ನಿಗೆ 'ನನ್ನ ಸವತಿ' ಎಂದು ಹೆಸರಿಟ್ಟಳು. ಬೆಳಿಗ್ಗೆ ಸಗಣಿ ಬಾಚುವಾಗ, "ಇಬ್ಬರು ಹಾಲು ಕೊಡ್ತವರೆ, ಇಬ್ಬರು ಗಾಡಿ ಎಳೀತವರೆ, ಈಯಮ್ಮ ಮಾತ್ರ ಸುಮ್ಕೆ ಹೊಟ್ಟೆ ಉಬ್ಬಿಸ್ಕೊಂಡು ಕುಂತವಳೆ" ಎನ್ನುವಳು. ಕೊನೆಗೆ ಮಡಿವಾಳದಿಂದ ಅವಳ ತಮ್ಮ ತಿಮ್ಮರಾಯಪ್ಪ ಬಂದು ಪಂಚಾಯಿತಿ ಮಾಡಿದ. ದೀಪಾವಳಿಯ ಹೊತ್ತಿಗೆ ಮಿಷನ್ನನ್ನು ನಾಲ್ಕು ಜನ ಕರೆಸುವಂತಾದರೆ ಸರಿ. ಇಲ್ಲದಿದ್ದರೆ ಅವನು ಎರಡು ಎಮ್ಮೆ ಬಿಟ್ಟು ಮಿಷನ್ನು ಹೊಡೆದುಕೊಂಡು ಹೋಗುವುದು. ಚಿಕ್ಕಬೈರಪ್ಪ ಒಪ್ಪಿದ್ದ. ಆದರೆ ಭಾವಮೈದುನ ಕೊಟ್ಟ ಎಮ್ಮೆಯ ಬಾಲ ಹಿಡಿದುಕೊಂಡು ಊರ ಮುಂದೆ ನಡೆಯುವುದನ್ನು ನೆನೆಸಿಕೊಂಡರೆ ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಯಾಕೆಂದರೆ ಅವನದು ಹಾಗೆ ನಗಿಸಿಕೊಳ್ಳುವ ಮನೆತನವಲ್ಲ. ಸುತ್ತಿನ ಕಣಗಳಲ್ಲಿ ರಾಶಿ ಅಳೆಯುವುದಕ್ಕೆ ಅವನ ಅಪ್ಪನನ್ನೇ ಕರೆಯುತ್ತಿದ್ದರು, ಅಪ್ಪನ ಮೇಲೆ ಇವನನ್ನು. ಮೊದಲ ಸೇರನ್ನು ಒಂದು ಎನ್ನದೆ 'ಲಾಭ' ಎಂದು ಕೂಗಿ ಸುರಿಯಬೇಕು. ಕೊನೆಯ ಸೇರಾದ ಮೇಲೆ ಎರಡು ಕೈಯಲ್ಲೂ ಬಾಚಿ ಕೊಸರು ಹಾಕಬೇಕು. ಹಾಕುವಾಗ ಮುಖವನ್ನು ಆಚೆ ತಿರುಗಿಸಿರಬೇಕು. "ನೋಡ್ಕೊಂಡು ಕೊಟ್ರೆ ಅದು ಕೊಸರಲ್ಲ ಕಣ್ಲಾ, ಲೆಕ್ಕ" ಎಂದು ಅಪ್ಪ ಹೇಳಿಕೊಟ್ಟಿದ್ದ. ಬೈರಪ್ಪನ ಮನೆಯ ಅಳತೆ ಎಂದರೆ ತಲೆ ಸವರಿದ ಬೋಳು ಅಳತೆಯಲ್ಲ ಎನ್ನುವುದು ಆ ಕಡೆಗೆಲ್ಲ ಗಾದೆಯಂತಾಗಿತ್ತು. ಈಗ ಕಣ ಇರಲಿಲ್ಲ, ರಾಶಿ ಇರಲಿಲ್ಲ. ಹೆಸರೊಂದು ಹಾಗೆಯೇ ಉಳಿದಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಮುನಿವೆಂಕಟಮ್ಮ ಜಯನಗರಕ್ಕೆ ಹಾಲು ಹಾಕಿ ಬಂದವಳು ಖಾಲಿ ಬಿಂದಿಗೆಯನ್ನು ಇಳಿಸುವುದಕ್ಕೂ ಮುಂಚೆ ಗಂಡನನ್ನು ಕರೆದಳು.

"ನನ್ನ ಸವತಿಗೆ ಗಂಡಿನ ಕಡೆಯೋರು ಹೇಳಿಕಳಿಸವ್ರೆ."

"ಯಾರಮ್ಮಿ?"

"ಸೀತಾಲಕ್ಷ್ಮಮ್ಮೋರ ಮನೆ. ಆ ಮನೆಗಾಡಿ ಕುಂತ್ಕೊಂಡುಬಿಟ್ಟದಂತೆ. ಬುಧವಾರ ಹೊರಡಬೇಕಂತೆ. ನನ್ನ ಗಂಡನ ತಾವ ಗಾಳಿ ಮಿಷನ್ನು ಐತೆ ಅಂತ ಬಾಯ್ಬಿಟ್ಟೆ. ನಂಗೇನು ಗ್ರಾಚಾರವೋ!"

ಆ ಮನೆಗಾಡಿಯ ವಿಷಯ ಯಡಿಯೂರಿಗೆಲ್ಲ ಗೊತ್ತಿತ್ತು. ಸೀತಾಲಕ್ಷ್ಮಮ್ಮನ ಯಜಮಾನರು ಗಂಗಾಧರಯ್ಯನವರು ಸೇತುವೆಗಳನ್ನು ಕಟ್ಟಿ ನಿವೃತ್ತರಾದ ಎಂಜಿನಿಯರು. ಆಕೆಗೆ ರಾಮೇಶ್ವರಕ್ಕೆ ಹೋಗುವ ಆಸೆ. ಆದರೆ ಹೋಟೆಲಿನ ನೀರು ಮುಟ್ಟುವವರಲ್ಲ, ಛತ್ರದ ಒಲೆಯಲ್ಲಿ ಬೇಯಿಸಿ ಉಣ್ಣುವವರಲ್ಲ, ರೈಲಿನಲ್ಲಿ ಮಡಿ ಎಲ್ಲಿಂದ ಬರಬೇಕು? ಗಂಗಾಧರಯ್ಯನವರು ಇದನ್ನು ಸೇತುವೆಯ ಹಾಗೆಯೇ ಯೋಚಿಸಿ, ಹಳೆಯ ಜೀಪಿನ ಟ್ರೈಲರೊಂದನ್ನು ತಂದು, ಅದರ ಎರಡು ಚಕ್ರದ ಮೇಲೆ ಮರದ ಹಲಗೆಯ ಮನೆಯೊಂದನ್ನು ಕಟ್ಟಿಸಿದ್ದರು. ಒಳಗೆ ಒಲೆಕಟ್ಟೆ, ದೇವರ ಗೂಡು, ಮಡಿಬಟ್ಟೆ ಒಣಗಿಹಾಕುವ ಗಳು, ಮಲಗುವುದಕ್ಕೆ ಎರಡು ಬೆಂಚು. ಅದನ್ನು ಕಾರಿನ ಹಿಂದಕ್ಕೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು. ಜಯನಗರದ ಅರ್ಧ ಜನ ಅದನ್ನು ನೋಡಿ, ಒಲೆಕಟ್ಟೆ ಮುಟ್ಟಿ, ಮಡಿ ಕೆಡಿಸಿ ಹೋಗಿದ್ದರು. ಆಮೇಲೆ ಮಳೆಗಾಲ ಹಿಡಿಯಿತು. ಹೊಂಗೆಮರದ ಕೆಳಗೆ ನಿಂತಿದ್ದ ಮನೆಗಾಡಿಯ ಟೈರುಗಳು ಯಾರಿಗೂ ಹೇಳದೆ ಮೆಲ್ಲಗೆ ನೆಲಕ್ಕೆ ಕುಳಿತವು. ಗಂಗಾಧರಯ್ಯನವರು ಕೈಪಂಪು ಒತ್ತಿ ಒತ್ತಿ ಸೊಂಟ ಹಿಡಿಸಿಕೊಂಡರು. ಗಾಳಿ ಇಲ್ಲದೆ ಗಾಡಿ ಬಂಕಿಗೆ ಹೋಗುವಂತಿಲ್ಲ, ಬಂಕಿಗೆ ಹೋಗದೆ ಗಾಳಿ ಸಿಗುವಂತಿಲ್ಲ.

ಬುಧವಾರ ಹೊತ್ತು ಮೂಡುವುದಕ್ಕೆ ಚಿಕ್ಕಬೈರಪ್ಪ ಎತ್ತಿನ ಗಾಡಿಯ ಮೇಲೆ ಮಿಷನ್ನು ಹೇರಿದ. ಹುಲ್ಲು ಹಾಸಿ, ಅದರ ಮೇಲೆ ಕೂರಿಸಿ, ಹಗ್ಗ ಬಿಗಿದು, ಎಂಜಿನ್ನಿಗೆ ಕುಂಕುಮ ಇಟ್ಟ. ಒಗೆದ ರುಮಾಲು ಸುತ್ತಿಕೊಂಡ. ದಾರಿಯುದ್ದಕ್ಕೂ ಜನ ಕೇಳಿದರು.

"ಏನ್ ಬೈರಣ್ಣ, ಮಿಷನ್ನ ತವರುಮನೆಗೆ ಕಳಿಸ್ತಿದ್ದೀಯಾ?"

"ಮೋಟಾರಿಗೆ ಗಾಳಿ ಹಾಕಾಕೆ ಓಯ್ತಿವ್ನಿ."

"ಎತ್ತಿನ ಗಾಡೀಲಾ?"

"ಮತ್ತಿನ್ನೇನು, ಗಾಳೀಲಿ ತೇಲ್ಕೊಂಡು ಓಗ್ಲಾ?"

ಗಂಗಾಧರಯ್ಯನವರ ಕಾಂಪೌಂಡಿನ ಒಳಗೆ ಗಾಡಿ ತಿರುಗಿಸಿದಾಗ ಎತ್ತುಗಳು ಹೊಂಗೆಮರದ ಹತ್ತಿರ ತಾವಾಗಿಯೇ ನಿಂತವು. ಮರ ಅವಕ್ಕೆ ಗೊತ್ತಿತ್ತು. ಅದರ ಪಕ್ಕದಲ್ಲೇ ಬೈರಪ್ಪನ ಕಣ ಇತ್ತು. ಮನೆಗಾಡಿಯ ಎಡಗಡೆ ಚಕ್ರ ಕುಳಿತಿದ್ದದ್ದು ರಾಶಿ ಹಾಕುತ್ತಿದ್ದ ಜಾಗದಲ್ಲಿ. ಬೈರಪ್ಪ ಅದನ್ನು ನೋಡಿದ. ಚಪ್ಪಲಿಯನ್ನು ಗಾಡಿಯ ಹತ್ತಿರವೇ ಬಿಟ್ಟು ಬಂದ.

ಗಂಗಾಧರಯ್ಯನವರು ಕನ್ನಡಕ ಏರಿಸಿ ಮಿಷನ್ನನ್ನು ಸುತ್ತು ಹಾಕಿ ನೋಡಿದರು. "ಪರವಾಗಿಲ್ಲವಯ್ಯಾ, ಮೀಟರು ಸರಿಯಾಗಿದೆ. ನೋಡು, ನಲವತ್ತು ಪೌಂಡು. ನಲವತ್ತು ಅಂದರೆ ನಲವತ್ತೇ. ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು. ತಿಳೀತೋ?"

"ಕಡಿಮೆ ಮಾಡೋ ವಂಶ ಅಲ್ಲ ಬುದ್ಧಿ ನಮ್ದು."

"ಹೆಚ್ಚೂ ಬೇಡ ಅಂದೆ."

ಬೈರಪ್ಪನಿಗೆ ಆ ಮಾತು ಸ್ವಲ್ಪ ಚುಚ್ಚಿತು. ಜನ್ಮದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ.

ಎಂಜಿನ್ನು ಕೆಮ್ಮಿ, ಕ್ಯಾಕರಿಸಿ, ಕೊನೆಗೆ ಭಟಭಟನೆ ಹೊಡೆದುಕೊಳ್ಳತೊಡಗಿತು. ಬೀದಿಯ ಕಿಟಕಿಗಳೆಲ್ಲ ತೆರೆದವು. ಪಕ್ಕದ ಮನೆಯ ರಾಮಪ್ರಸಾದ ಕಾಫಿ ಲೋಟ ಹಿಡಿದುಕೊಂಡೇ ಕಾಂಪೌಂಡಿನ ಗೋಡೆಗೆ ಬಂದು ಒರಗಿದ. ಬ್ಯಾಂಕಿನಲ್ಲಿ ಕೆಲಸ, ಹೊಸದಾಗಿ ಒಂದು ಹಳೆಯ ಕಾರು ಕೊಂಡಿದ್ದ. ಆದರೆ ಮನೆಗಾಡಿ ಬಂದ ಮೇಲೆ ಅವನ ಕಾರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಬೈರಪ್ಪ ಪೈಪನ್ನು ಎಡಗಡೆಯ ಟೈರಿಗೆ ಸಿಕ್ಕಿಸಿ, "ಲಾಭಾ!" ಎಂದು ಕೂಗಿದ.

ಗಂಗಾಧರಯ್ಯನವರು ಬೆಚ್ಚಿದರು. "ಯಾರಿಗಯ್ಯಾ ಲಾಭ?"

"ಮೊದಲ್ನೇದು ಅಂಗೇ ಬುದ್ಧಿ."

ಸುಕ್ಕಾಗಿ ಬಿದ್ದಿದ್ದ ರಬ್ಬರು ಮೆಲ್ಲನೆ ಮೈ ತುಂಬಿಕೊಂಡಿತು. ಮನೆಗಾಡಿ ನಿದ್ದೆಯಿಂದ ಏಳುವ ಎಮ್ಮೆಯ ಹಾಗೆ ಒಂದು ಮಗ್ಗುಲೆತ್ತಿತು. ಮುಳ್ಳು ನಲವತ್ತಕ್ಕೆ ಬಂದದ್ದನ್ನು ಗಂಗಾಧರಯ್ಯನವರು ಬಗ್ಗಿ ತಾವೇ ನೋಡಿದರು. ಬಲಗಡೆಯದನ್ನೂ ನೋಡಿದರು. "ಕರೆಕ್ಟ್!" ಎಂದು ಸಂತೋಷಪಟ್ಟು, "ರಾಹುಕಾಲ ಹುಟ್ಟೋದರೊಳಗೆ ಹೊರಡಬೇಕು, ಕಚ್ಚೆ ಉಟ್ಟು ಬರ್ತೀನಿ" ಎಂದು ಒಳಗೆ ಹೋದರು.

ರಾಮಪ್ರಸಾದನೂ ಇನ್ನೊಂದು ಲೋಟ ಕಾಫಿಗೆಂದು ತನ್ನ ಮನೆಯೊಳಗೆ ಹೋದ. ಆಗ ಸೀತಾಲಕ್ಷ್ಮಮ್ಮ ಹೊರಗೆ ಬಂದರು. ಕೈಯಲ್ಲಿ ಉಪ್ಪಿನಕಾಯಿ ಜಾಡಿ. ಅದನ್ನು ಮನೆಗಾಡಿಯ ಒಳಗಿಟ್ಟು, ಟೈರನ್ನು ಒಮ್ಮೆ ನೋಡಿದರು. ಈಕೆ ಮುನಿವೆಂಕಟಮ್ಮನ ಹತ್ತಿರ ಎಷ್ಟೋ ಕಾಲದಿಂದ ಹಾಲು ಹಾಕಿಸಿಕೊಳ್ಳುತ್ತಿದ್ದವರು. ಪಾವು ಅಳೆದ ಮೇಲೆ ಪಾತ್ರೆಯನ್ನು ಹಿಂದಕ್ಕೆ ತೆಗೆಯದೆ ಹಾಗೇ ಹಿಡಿದು ನಿಲ್ಲುವರು, ಇನ್ನೊಂದು ಧಾರೆ ಬೀಳುವ ತನಕ. ಅದು ಆಸೆಬುರುಕತನವಲ್ಲ, ಪದ್ಧತಿ.

"ಆಯ್ತೇನಪ್ಪಾ ಬೈರಪ್ಪ?"

"ಆಯ್ತು ಅಮ್ಮಾವ್ರೇ. ಬುದ್ಧಿಯೋರು ಅಳೆದದ್ದಾಯ್ತು."

"ಕೊಸರು?"

ಬೈರಪ್ಪ ಕೈಯಲ್ಲಿದ್ದ ಪೈಪನ್ನು ನೋಡಿದ.

"ಏನಪ್ಪಾ ಸುಮ್ಮನಾದೆ? ನಿನ್ನ ಹೆಂಡತಿ ಹಾಲಿಗೆ ಕೊಸರು ಹಾಕ್ತಾಳೆ, ನೀನು ಬರೀ ಗಾಳಿಗೆ ಹಿಂದೆ ಮುಂದೆ ನೋಡ್ತೀಯಲ್ಲ. ದೂರದ ದಾರಿ, ದೇವರ ದಾರಿ. ಬರಿಗೈಲಿ ಕಳಿಸ್ತಾರೇನು?"

ಅವನ ಎದೆಯ ಮೇಲಿಂದ ಯಾರೋ ಚಪ್ಪಡಿ ಎತ್ತಿದ ಹಾಗಾಯಿತು. ನಲವತ್ತಕ್ಕೆ ಪೈಪು ಕಿತ್ತಾಗಿನಿಂದ ಅವನ ಕೈ ಚಡಪಡಿಸುತ್ತಿತ್ತು. ಇದೇ ಜಾಗದಲ್ಲಿ, ಇದೇ ಮರದ ಕೆಳಗೆ, ಅವನ ಅಪ್ಪ ಒಂದು ಸಲವಾದರೂ ಬೋಳು ಅಳತೆ ಅಳೆದಿದ್ದನೇ? "ನಾನೂ ಅದನ್ನೇ ಅನ್ಕೊಂಡೆ ತಾಯಿ" ಎಂದು ಬೈರಪ್ಪ ಪೈಪನ್ನು ಮತ್ತೆ ಎಡಗಡೆ ಟೈರಿಗೆ ಸಿಕ್ಕಿಸಿದ. ಸಿಕ್ಕಿಸಿ, ಮೀಟರನ್ನು ಕೆಳಮುಖ ಮಾಡಿ, ಮುಖವನ್ನು ಮರದ ಕಡೆಗೆ ತಿರುಗಿಸಿದ. ಎರಡು ಕೈ ಬಾಚಿ ರಾಗಿ ಹಾಕುವಷ್ಟು ಹೊತ್ತು, ಮನಸ್ಸಿಗೆ ಸಾಕು ಎನ್ನಿಸುವ ತನಕ ಬಿಟ್ಟ. ಮಿಲಿಟರಿ ಮಿಷನ್ನು, ಅದಕ್ಕೂ ಕೈ ಧಾರಾಳ. ಬಲಗಡೆಯ ಟೈರಿಗೂ ಹಾಗೆಯೇ ಕೊಟ್ಟ. ಸೀತಾಲಕ್ಷ್ಮಮ್ಮ ತೃಪ್ತಿಯಿಂದ ತಲೆಯಾಡಿಸಿ ಒಳಗೆ ಹೋಗಿ, ಅವನಿಗೆ ಒಂದು ತಟ್ಟೆ ಅವಲಕ್ಕಿ ಕಳಿಸಿದರು. ಅದರಲ್ಲೂ ಕೊಸರು ಇತ್ತು.

ಹೊರಡುವ ಹೊತ್ತಿಗೆ ಬಿಸಿಲು ಚೆನ್ನಾಗಿ ಏರಿತ್ತು. ಕೊಂಡಿ ಹಾಕಿ, ಕಾರು ಮುಂದಕ್ಕೆಳೆದು, ಮನೆಗಾಡಿಯನ್ನು ನೆರಳಿನಿಂದ ಈಚೆಗೆ ತಂದು ಗೇಟಿನ ಹತ್ತಿರ ನಿಲ್ಲಿಸಿ ಬಹಳ ಹೊತ್ತಾಗಿತ್ತು. ಅಕ್ಕಿಮೂಟೆ, ಪಾತ್ರೆಪಡಗ, ಗಂಗಾಳ ಎಲ್ಲ ಒಳಗೆ ಸೇರಿದವು. ಬೀದಿಯವರೆಲ್ಲ ಬೀಳ್ಕೊಡಲು ಬಂದಿದ್ದರು. ಮುನಿವೆಂಕಟಮ್ಮ ಕೂಡ ಬಿಂದಿಗೆ ಸೊಂಟಕ್ಕಿಟ್ಟುಕೊಂಡು, ಸವತಿಯ ವೈಭವ ನೋಡಲು ಬಂದು ಗಂಡನ ಹಿಂದೆ ನಿಂತಿದ್ದಳು. ಅವಳ ಮುಖದಲ್ಲಿ ನಗು ಇತ್ತು. ಬೈರಪ್ಪ ಅದನ್ನು ಓರೆಗಣ್ಣಿನಲ್ಲಿ ನೋಡಿ, ತಿಮ್ಮರಾಯಪ್ಪನ ಎಮ್ಮೆಗಳು ಮಡಿವಾಳದ ಕಡೆ ಮುಖ ತಿರುಗಿಸಿದವೆಂದುಕೊಂಡ.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಗಂಗಾಧರಯ್ಯನವರು, "ಇದೆಲ್ಲ ಮೂಢನಂಬಿಕೆ, ಇಂಜಿನಿಯರಿಂಗ್ ಸರಿ ಇದ್ದರೆ ಸಾಕು" ಎಂದು ರಾಮಪ್ರಸಾದನ ಕಡೆ ನೋಡಿ ನಕ್ಕು, ಕಾರು ಸ್ಟಾರ್ಟು ಮಾಡಿದರು. ಸೀತಾಲಕ್ಷ್ಮಮ್ಮ ಮನೆಗಾಡಿಯ ಬಾಗಿಲಲ್ಲಿ ನಿಂತು ಕೈಮುಗಿದರು. ಗಾಡಿ ಒಂದು ಮಾರು ಉರುಳಿತು. ನಿಂಬೆಹಣ್ಣು ಪಚಕ್ಕೆಂದಿತು. ಅದರ ಹಿಂದೆಯೇ ಢಮ್ಮೆಂದು ಎಡಗಡೆಯ ಟೈರು ಸಿಡಿಯಿತು.

ಕಾಗೆಗಳೆಲ್ಲ ಎದ್ದವು. ಎತ್ತುಗಳು ಹಗ್ಗ ಕಿತ್ತುಕೊಂಡು ಗುಲಾಬಿ ಗಿಡಗಳ ಮೇಲೆ ಹಾಯ್ದವು. ಮನೆಗಾಡಿ ಎಡಕ್ಕೆ ವಾಲಿತು. ಒಳಗೆ ಪಾತ್ರೆಗಳು ಒಂದರ ಮೇಲೊಂದು ಬಿದ್ದವು. ಉಪ್ಪಿನಕಾಯಿ ಜಾಡಿ ಒಡೆದ ಸದ್ದು ಬೇರೆಯಾಗಿ ಕೇಳಿಸಿತು. ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದ ಸೀತಾಲಕ್ಷ್ಮಮ್ಮನಿಗೆ ಏನೂ ಆಗಲಿಲ್ಲ.

ಗಂಗಾಧರಯ್ಯನವರು ಇಳಿದು ಬಂದು ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತರು. ಬೈರಪ್ಪನೂ ಓಡಿ ಬಂದ. ಬೀದಿಯವರು ಗೇಟಿನ ಆಚೆಯೇ ಗುಂಪುಗಟ್ಟಿದ್ದರು. ಎತ್ತಿನ ಗೊರಸಿನ ಸದ್ದು, ಹೆಂಗಸರ ಅಯ್ಯಯ್ಯೋ ನಡುವೆ ಇಲ್ಲಿಯ ಮಾತು ಅವರಿಗೆ ಕೇಳುವಂತಿರಲಿಲ್ಲ.

"ನಲವತ್ತು ಪೌಂಡಿಗೆ ಸಿಡಿಯೋ ಟೈರಲ್ಲ ಇದು" ಎಂದರು ಅವರು ತಮ್ಮಷ್ಟಕ್ಕೆ. ಆಮೇಲೆ ಬೈರಪ್ಪನ ಮುಖ ನೋಡಿ, "ನಲವತ್ತೇ ತಾನೇ ಇದ್ದದ್ದು? ನಾನೇ ನೋಡಿದ್ದೀನಿ."

ಹೌದು ಬುದ್ಧಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರೇ ನೋಡಿದ್ದಾರೆ, ಅವರೇ ಸಾಕ್ಷಿ. ಮಿಷನ್ನು ಉಳಿಯುತ್ತಿತ್ತು, ಎಮ್ಮೆ ತಪ್ಪುತ್ತಿತ್ತು. ಬೈರಪ್ಪನ ನಾಲಿಗೆಯ ತುದಿಗೆ ಆ ಮಾತು ಬಂದೂ ಬಂತು. ಆದರೆ ಅಳತೆಯ ವಿಷಯದಲ್ಲಿ, ಅದೂ ಈ ಜಾಗದಲ್ಲಿ, ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ನಲವತ್ತು ಬುದ್ಧಿ... ಅದರ ಮ್ಯಾಲೆ ಕೊಸರು."

"ಕೊಸರಾ?"

"ಊ ಬುದ್ಧಿ."

"ಗಾಳಿಗೆ ಕೊಸರು! ಎಷ್ಟು ಪೌಂಡು ಹಾಕಿದೆಯೋ ಮಹಾರಾಯ?"

"ಅದೆಂಗೆ ಯೋಳಾದು? ಅಳೆದುಬಿಟ್ರೆ ಅದು ಕೊಸರು ಎಂಗಾಯ್ತದೆ?"

ಗಂಗಾಧರಯ್ಯನವರು ಕೋಪದಲ್ಲಿ ಚಕ್ರಕ್ಕೆ ಕೈ ಅಪ್ಪಳಿಸಿದರು. "ಯಾವನಯ್ಯಾ ಕೇಳಿದವನು ನಿನ್ನ ಕೊಸರನ್ನ? ಯಾವ ಮುಠ್ಠಾಳ ಕೇಳಿದ?"

ಬೈರಪ್ಪ ರುಮಾಲು ಬಿಚ್ಚಿ ಕೈಗೆ ತೆಗೆದುಕೊಂಡು ನೆಲ ನೋಡಿದ. ಮುನಿವೆಂಕಟಮ್ಮ ಬಿಂದಿಗೆಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. ವಾಲಿದ ಮನೆಯ ಬಾಗಿಲಿನಿಂದ, ಉಪ್ಪಿನಕಾಯಿಯ ಘಾಟಿನ ಜೊತೆಗೆ, ಸೀತಾಲಕ್ಷ್ಮಮ್ಮನ ಧ್ವನಿ ಬಂತು.

"ನಾನೇ ಕಣ್ರೀ, ಕೇಳಿದ್ದು."

ಗಂಗಾಧರಯ್ಯನವರು ಸೇತುವೆಗಳನ್ನು ಕಟ್ಟಿದವರು. ಯಾವ ಕಂಬ ಕಿತ್ತರೆ ಏನೇನು ಬೀಳುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಮುಖ ನೋಡಿದರು, ಸಿಡಿದ ಟೈರನ್ನು ನೋಡಿದರು, ಗೋಡೆಯಾಚೆ ಕತ್ತು ಚಾಚಿದ್ದ ರಾಮಪ್ರಸಾದನನ್ನು ನೋಡಿದರು. ನಿಧಾನವಾಗಿ ಎದ್ದು, ಪಂಚೆಯ ಧೂಳು ಕೊಡವಿದರು.

"ಏನಾಯ್ತು ಸಾರ್? ಇಂಜಿನಿಯರಿಂಗಾ?" ಎಂದ ರಾಮಪ್ರಸಾದ.

"ದೃಷ್ಟಿ!" ಎಂದರು ಗಂಗಾಧರಯ್ಯನವರು, ಇಡೀ ಬೀದಿಗೆ ಕೇಳುವ ಹಾಗೆ. "ಗಾಳಿ ಸರಿಯಾಗೇ ಇತ್ತು, ಈ ಬೈರಪ್ಪ ಹಾಕಿದ್ದು, ನಾನು ನೋಡಿದ್ದು. ಇದು ಕಣ್ಣು, ರಾಯರೇ. ಹತ್ತಿರದವರದ್ದೇ ಕಣ್ಣು."

ಬೀದಿಯೆಲ್ಲ ರಾಮಪ್ರಸಾದನ ಕಡೆ ತಿರುಗಿತು. ಅವನ ಕೈಯಲ್ಲಿದ್ದ ಎರಡನೆಯ ಕಾಫಿ ತಣ್ಣಗಾಯಿತು.

ಹೀಗೆ ಕಣ್ಣಿನ ಅಪವಾದ ಹೊತ್ತವನು ಸುಮ್ಮನೆ ಕೂರುತ್ತಾನೆಯೇ? ರಾಮಪ್ರಸಾದ ಮರುದಿನವೇ ಯಡಿಯೂರಿಗೆ ಆಳು ಕಳಿಸಿದ. ಅದೇ ಮಿಷನ್ನು, ಅದೇ ಬೈರಪ್ಪ, ಎಲ್ಲರ ಎದುರಿಗೆ ತನ್ನ ಕಾರಿಗೆ ಗಾಳಿ ತುಂಬಬೇಕು. ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿಕೊಂಡು ತಾನೇ ಅದನ್ನು ದಿಟ್ಟಿಸಿ ನೋಡುತ್ತಾನೆ. ಸಿಡಿದರೆ ಅವನದು ಕೆಟ್ಟ ಕಣ್ಣು. ಬೈರಪ್ಪ ಹೋದ. ಮೀಟರನ್ನು ಮೇಲುಮುಖ ಮಾಡಿ, ರೆಪ್ಪೆ ಬಡಿಯದೆ ಮುಳ್ಳನ್ನೇ ನೋಡುತ್ತ, ಕಾರಿಗೆ ಹೇಳಿದ ಗೀಟಿಗೆ ಬಂದೊಡನೆ ಪೈಪು ಕಿತ್ತ. ಟೈರು ಸಿಡಿಯಲಿಲ್ಲ. ರಾಮಪ್ರಸಾದನ ಕಣ್ಣು ಒಳ್ಳೆಯದೆಂದಾಯಿತು. ಅದರ ಜೊತೆಗೆ ಬೈರಪ್ಪನ ಗಾಳಿ ಒಳ್ಳೆಯದೆಂದೂ ಆಯಿತು. ಆ ಬೀದಿಯ ಡಾಕ್ಟರು ಕರೆಸಿದರು, ಮೂಲೆಮನೆಯ ವಕೀಲರು ಕರೆಸಿದರು. ಬಂಕಿನ ತನಕ ಹೋಗುವ ಪೆಟ್ರೋಲು ಉಳಿಯಿತಲ್ಲ ಎಂದು ಎಲ್ಲರೂ ಸಂತೋಷಪಟ್ಟರು.

ಹೊಸ ಟೈರು ಬರುವ ಹೊತ್ತಿಗೆ ಸೀತಾಲಕ್ಷ್ಮಮ್ಮನ ಮನಸ್ಸು ಕೆಟ್ಟಿತ್ತು. ದೃಷ್ಟಿ ತಗುಲಿದ ಗಾಡಿಯಲ್ಲಿ ದೇವರ ಹತ್ತಿರ ಹೋಗಬಾರದು ಎಂದರು. ದೃಷ್ಟಿಯಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೆ ಗಂಡ ಬೀದಿಯಲ್ಲಿ ಆಡಿದ ಮಾತನ್ನು ಮನೆಯಲ್ಲಿ ತೆಗೆದುಹಾಕುವುದು ಹೇಗೆ? ಇಬ್ಬರೂ ಪುಳಿಯೋಗರೆ ಕಟ್ಟಿಕೊಂಡು ರೈಲಿನಲ್ಲಿ ರಾಮೇಶ್ವರಕ್ಕೆ ಹೋಗಿ ಬಂದರು. ಮನೆಗಾಡಿ ಹೊಂಗೆಮರದ ಕೆಳಗೇ ನಿಂತಿತು. ಮಧ್ಯಾಹ್ನದ ಹೊತ್ತು ಗಂಗಾಧರಯ್ಯನವರು ಅದರೊಳಗೆ ಕೂತು ಪೇಪರು ಓದುವರು. ಅಮಾವಾಸ್ಯೆಗೊಮ್ಮೆ ಬೈರಪ್ಪ ಬಂದು ಎಲ್ಲಿಗೂ ಹೋಗದ ಆ ಗಾಡಿಗೆ ನಲವತ್ತು ಪೌಂಡು ಗಾಳಿ ತುಂಬಿ ಹೋಗುವನು.

ಸೀತಾಲಕ್ಷ್ಮಮ್ಮ ಅವನ ಹತ್ತಿರ ಮತ್ತೆ ಕೊಸರು ಕೇಳಲಿಲ್ಲ. ಮಿಕ್ಕ ಮನೆಗಳ ಹೆಂಗಸರು ಕೇಳಿದರು. ಅವರಿಗೇನು ಗೊತ್ತು? "ಒಂದು ಚೂರು ಜಾಸ್ತಿ ಬಿಡಪ್ಪಾ, ನಿನ್ನ ಮನೆ ಗಂಟೇನು ಹೋಗುತ್ತೆ?" ಬೈರಪ್ಪ, "ಇಲ್ಲ ತಾಯಿ" ಎನ್ನುವನು. ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ದೃಷ್ಟಿಯ ಕಥೆ ಬಿಚ್ಚಿಹೋಗುತ್ತದೆ, ಎಂಜಿನಿಯರ ಮಾನ ಹೋಗುತ್ತದೆ. "ಬಿಟ್ಟಿ ಸಿಗೋ ಗಾಳಿಗೂ ಜಿಪುಣತನ ಮಾಡ್ತಾನಲ್ಲ" ಎಂದು ಅವರು ಆಡಿಕೊಂಡರು. ಮಾತು ಯಡಿಯೂರಿಗೆ ಬರುವುದಕ್ಕೆ ಎಷ್ಟು ಹೊತ್ತು? ಬೋಳಳತೆ ಬೈರಪ್ಪ ಎಂದು ಹೆಸರಾಯಿತು.

ದೀಪಾವಳಿಗೆ ತಿಮ್ಮರಾಯಪ್ಪ ಬಂದ. ಹೇಳಿದ ಹಾಗೆ ಎರಡು ಎಮ್ಮೆಯನ್ನು ಗಾಡಿಯ ಹಿಂದಕ್ಕೆ ಕಟ್ಟಿಕೊಂಡೇ ಬಂದಿದ್ದ. ಗಾಡಿಯಾದರೂ ಹೊಸದು, ಮರದ ಚಕ್ರವಲ್ಲ, ಟೈರಿನದು. ಕೊಟ್ಟಿಗೆಯ ಮುಂದೆ ಮಿಷನ್ನು ಒರೆಸಿಕೊಂಡು ಹೊಳೆಯುತ್ತಿತ್ತು. ಮುನಿವೆಂಕಟಮ್ಮ ಅದಕ್ಕೆ ಚೆಂಡುಹೂವಿನ ಸರ ಹಾಕುತ್ತಿದ್ದಳು.

"ಏನಕ್ಕಾ, ಸವತಿಗೆ ಸಿಂಗಾರ?"

"ದುಡಿಯೋ ಸವತಿ ಕಣ್ಲಾ. ನಿನ್ನ ಎಮ್ಮೆ ವಾಪಸ್ ಹೊಡ್ಕೊಂಡು ಓಗು."

ತಿಮ್ಮರಾಯಪ್ಪ ನಕ್ಕು ಒಪ್ಪಿಕೊಂಡ. ಹಬ್ಬದೂಟ ಉಂಡು ಹೊರಡುವಾಗ, "ಬಂದದ್ದಕ್ಕೆ ನನ್ನ ಗಾಡಿ ಟೈರಿಗೂ ಒಂದಿಷ್ಟು ಗಾಳಿ ಹಾಕು ಭಾವ, ನೋಡಾನ ನಿನ್ನ ಕೈಗುಣವ" ಎಂದ.

ಬೈರಪ್ಪ ಎಂಜಿನ್ನು ಶುರುಮಾಡಿ, ಮುಳ್ಳು ನೋಡುತ್ತ ಕುಳಿತ. ಮುಳ್ಳು ಗೀಟಿಗೆ ಬಂತು.

"ಕೊಸರು ಹಾಕು ಭಾವ."

"ಇಲ್ಲ."

"ನಂಗೂ ಇಲ್ವಾ? ನಿಮ್ಮಪ್ಪ ಕಣದಾಗೆ ಯಾರೋ ದಾರಿಹೋಕನಿಗೂ ಎಲ್ಡು ಕೈ ಬಾಚಿ ಆಕ್ತಿದ್ರು."

ಬೈರಪ್ಪ ಪೈಪು ಕಿತ್ತ. ಕೀಳುವಾಗ ಟೈರಿನಿಂದ ಪುಸ್ಸೆಂದು ಒಂದು ಉಸಿರು ಗಾಳಿ ಆಚೆಗೆ ಹೋಯಿತು. ಅದು ಯಾವಾಗಲೂ ಹೋಗುವುದೇ. ತಿಮ್ಮರಾಯಪ್ಪ ತೊಡೆ ತಟ್ಟಿ ನಕ್ಕ.

"ಕೊಸರು ಕೊಡಾದು ಅಂಗಿರಲಿ, ಆಕಿದ್ದನ್ನೂ ಚೂರು ಕಿತ್ಕೊಂಡ್ಯಲ್ಲ ಭಾವ!"

ಬೈರಪ್ಪ ಮುಖವನ್ನು ಆಚೆ ತಿರುಗಿಸಿದ. ಎಂಜಿನ್ನು ನಿಲ್ಲಿಸಿ, ಪೈಪನ್ನು ಸುತ್ತಿ ಸುತ್ತಿ ಅದರ ಕೊಕ್ಕೆಗೆ ಹಾಕಿದ. ತಿಮ್ಮರಾಯಪ್ಪನ ಗಾಡಿ ಮಡಿವಾಳದ ದಾರಿ ಹಿಡಿಯಿತು. ಸರಿಯಾಗಿ ಗಾಳಿ ತುಂಬಿದ ಟೈರುಗಳ ಮೇಲೆ ಅದು ಒಂದು ಕಡೆಯೂ ಕುಲುಕದೆ, ಎತ್ತುಗಳಿಗೆ ಭಾರವೇ ಕಾಣದ ಹಾಗೆ ಉರುಳಿ ಹೋಯಿತು. ದಾರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ತಿಮ್ಮರಾಯಪ್ಪ, ಬೈರಪ್ಪನ ಮನೆಯ ಕೊಸರು ಅವರಪ್ಪನ ಕಾಲಕ್ಕೇ ಮುಗಿಯಿತೆಂದು ಹೇಳಿಕೊಂಡು ಹೋದ.